ಹಳೆಯ ಜೋಡಿ ನಳಿಗೆ ಬಂದೂಕು: ಗುರುತು, ಗುಣ ಮತ್ತು ಬೆಲೆ

ಮೈಸೂರು ಜಿಲ್ಲೆಯ ಕಾಡಂಚಿನ ಸೀಮೆಗಳಲ್ಲಿ, ಕೊಡಗಿನ ಐನ್‌ಮನೆಗಳಲ್ಲಿ, ಮಲೆನಾಡಿನ ತೋಟದ ಬಂಗಲೆಗಳಲ್ಲಿ ಜೋಡಿ ನಳಿಗೆಯ ತೋಟಾ ಬಂದೂಕು ಅಪರೂಪದ ವಸ್ತುವಲ್ಲ. ಎಚ್.ಡಿ. ಕೋಟೆ ಸೀಮೆಯ ಎನ್. ಬೇಗೂರಿನಂತಹ ಊರುಗಳಲ್ಲಿ ಅಜ್ಜನ ಕಾಲದ ಬಂದೂಕೊಂದು ಬೆಳೆ ಕಾಯುವ ನೆಪದಲ್ಲಿ ಮೂರು ತಲೆಮಾರು ದಾಟಿ ಬಂದಿರುವುದುಂಟು. ಈಗ ಅಂತಹ ಮನೆಗಳ ಮಕ್ಕಳು ಬಹುಪಾಲು ಮೈಸೂರು, ಬೆಂಗಳೂರುಗಳಲ್ಲಿ ನೆಲೆಸಿದ್ದಾರೆ. ಹಿರಿಯರ ಕಾಲಾನಂತರ ಪಾಲಿಗೆ ಬಂದ ಬಂದೂಕು ಯಾವ ದೇಶದ್ದು, ಎಷ್ಟು ಹಳೆಯದು, ಹಾರಿಸಲು ಯೋಗ್ಯವೇ, ಅದರ ಬೆಲೆ ಎಷ್ಟು, ಮನೆಯಲ್ಲಿ ಇಟ್ಟುಕೊಳ್ಳುವುದು ಕಾನೂನುಬದ್ಧವೇ ಎಂಬ ಪ್ರಶ್ನೆಗಳು ಅವರ ಮುಂದೆ ನಿಲ್ಲುತ್ತವೆ. ಹಳೆಯ ಬಂದೂಕನ್ನು ಪರವಾನಗಿಯ ಮೂಲಕ ಹೊಸದಾಗಿ ಕೊಂಡವರ ಪ್ರಶ್ನೆಗಳೂ ಇವೇ.

ಬಂದೂಕಿನ ಮೈಮೇಲಿನ ಅಕ್ಷರ, ಅಂಕಿ ಮತ್ತು ಮುದ್ರೆಗಳನ್ನು ಓದಬಲ್ಲವರಿಗೆ ಇವುಗಳಲ್ಲಿ ಹೆಚ್ಚಿನವಕ್ಕೆ ಉತ್ತರ ದೊರೆಯುತ್ತದೆ. ತಪ್ಪಾಗಿ ಓದಿದರೆ ಆಗುವ ನಷ್ಟ ಹಣದ್ದು ಮಾತ್ರವಲ್ಲ. ನಳಿಗೆ ಸಿಡಿದು ಕೈ, ಕಣ್ಣು ಕಳೆದುಕೊಳ್ಳುವ ಅಪಾಯವೂ, ಸೆರೆವಾಸದ ಸಾಧ್ಯತೆಯೂ ಅದರ ಹಿಂದೆ ಇವೆ.

ಮೊದಲು ಕಾನೂನು

ಭಾರತದಲ್ಲಿ ಬಂದೂಕಿನ ಒಡೆತನವನ್ನು ನಿಯಂತ್ರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಹಾಗೂ 2016ರ ಶಸ್ತ್ರಾಸ್ತ್ರ ನಿಯಮಗಳು. ಕಾಯ್ದೆಯ 3ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ಯಾರೂ ಬಂದೂಕನ್ನು ಹೊಂದುವಂತಿಲ್ಲ. ಪರವಾನಗಿ ವ್ಯಕ್ತಿಯ ಹೆಸರಿನಲ್ಲಿರುತ್ತದೆಯೇ ಹೊರತು ಮನೆತನದ ಹೆಸರಿನಲ್ಲಲ್ಲ. ಆದುದರಿಂದ ಪರವಾನಗಿದಾರರು ತೀರಿಕೊಂಡ ಮೇಲೆ ಬಂದೂಕು ತಾನಾಗಿಯೇ ಮಗನಿಗೋ ಮಗಳಿಗೋ ಸೇರುವುದಿಲ್ಲ. 21ನೇ ಕಲಮಿನಂತೆ ಅದನ್ನು ತಡಮಾಡದೆ ಸಮೀಪದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಬಂದೂಕು ವ್ಯಾಪಾರಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಬೇಕು. ನಿಗದಿತ ಅವಧಿಯೊಳಗೆ ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಪಡೆದು ಬಂದೂಕನ್ನು ಮರಳಿ ಪಡೆಯಬಹುದು, ಇಲ್ಲವೇ ಅರ್ಹರಿಗೆ ಮಾರಬಹುದು. ಎರಡನ್ನೂ ಮಾಡದಿದ್ದರೆ ಅದು ಸರ್ಕಾರಕ್ಕೆ ಮುಟ್ಟುಗೋಲಾಗಬಹುದು.

2016ರ ನಿಯಮಗಳ 25ನೇ ನಿಯಮ ವಾರಸುದಾರರಿಗೆ ಪರವಾನಗಿ ನೀಡಲು ಅವಕಾಶ ಕಲ್ಪಿಸಿದೆ. ಪರವಾನಗಿದಾರರು ಜೀವಂತವಿರುವಾಗಲೇ ವರ್ಗಾಯಿಸುವ ದಾರಿಯೂ ಅದರಲ್ಲಿದೆ: ಅವರಿಗೆ 70 ವರ್ಷ ತುಂಬಿರಬೇಕು ಅಥವಾ ಬಂದೂಕನ್ನು 25 ವರ್ಷ ಹೊಂದಿರಬೇಕು, ಇವೆರಡರಲ್ಲಿ ಯಾವುದು ಮೊದಲೋ ಅದು ಅನ್ವಯಿಸುತ್ತದೆ. ಹಿರಿಯರು ಬದುಕಿರುವಾಗಲೇ ಈ ಕೆಲಸ ಮುಗಿಸಿಕೊಳ್ಳುವುದು ಮನೆಯವರಿಗೆ ಎಲ್ಲ ರೀತಿಯಲ್ಲೂ ಕ್ಷೇಮ.

2019ರ ತಿದ್ದುಪಡಿಯಿಂದ ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ವಾರಸಿಕೆಯಾಗಿ ಬಂದ ಬಂದೂಕಿಗೂ ಈ ಮಿತಿ ಅನ್ವಯಿಸುತ್ತದೆ. ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಂಡರೆ ಎರಡರಿಂದ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. 'ಅಜ್ಜನ ಕಾಲದ್ದು, ಗೋಡೆಗೆ ತೂಗುಹಾಕಿದ್ದು' ಎಂಬ ಸಮಜಾಯಿಷಿ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ಕಾಯ್ದೆಯ 45ನೇ ಕಲಮಿನಲ್ಲಿ ಪ್ರಾಚೀನ ಮೌಲ್ಯದ ಅಥವಾ ಬಳಕೆ ತಪ್ಪಿದ ಮಾದರಿಯ ಆಯುಧಗಳಿಗೆ ವಿನಾಯಿತಿ ಇದೆ ಎಂಬುದು ನಿಜ. ಆದರೆ ಆ ವಿನಾಯಿತಿ, ದುರಸ್ತಿ ಮಾಡಿದರೂ ಬಂದೂಕಾಗಿ ಬಳಸಲು ಬಾರದ ವಸ್ತುವಿಗೆ ಮಾತ್ರ ಸಲ್ಲುತ್ತದೆ. ಸ್ಪ್ರಿಂಗ್ ಮುರಿದ, ಪಿನ್ ಕಳೆದುಹೋದ 12 ಬೋರಿನ ಬಂದೂಕು ದುರಸ್ತಿಯಾಗಬಲ್ಲದು. ಅದರ ತೋಟಾ ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ. ಹಾಗಾಗಿ ಅದು ವಿನಾಯಿತಿಯ ಪರಿಧಿಗೆ ಬರುವುದಿಲ್ಲ.

ಕಾಡಂಚಿನ ಹತ್ತು ಕಿಲೋಮೀಟರ್

ಎನ್. ಬೇಗೂರು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ಅರಣ್ಯ ವಲಯದ ಹೆಸರೂ ಹೌದು. ಕಬಿನಿ ಹಿನ್ನೀರಿನ ಇನ್ನೊಂದು ಪಕ್ಕಕ್ಕೆ ನಾಗರಹೊಳೆ ಇದೆ. ಇಂತಹ ಊರುಗಳಲ್ಲಿ ಶಸ್ತ್ರಾಸ್ತ್ರ ಕಾಯ್ದೆಯೊಂದನ್ನೇ ನೋಡಿದರೆ ಸಾಲದು; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನೂ ಗಮನಿಸಬೇಕು. ಅದರ 34ನೇ ಕಲಮಿನಂತೆ ಅಭಯಾರಣ್ಯದ ಒಳಗೆ ಅಥವಾ ಅದರಿಂದ ಹತ್ತು ಕಿಲೋಮೀಟರ್ ಒಳಗೆ ವಾಸಿಸುವ ಬಂದೂಕು ಪರವಾನಗಿದಾರರು ವನ್ಯಜೀವಿ ಅಧಿಕಾರಿಗಳಲ್ಲಿ ಹೆಸರು ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿ ಇಲ್ಲದೆ ಹೊಸ ಪರವಾನಗಿ ಕೊಡುವಂತಿಲ್ಲ. ರಾಷ್ಟ್ರೀಯ ಉದ್ಯಾನಗಳಿಗೂ ಈ ಕಲಮು ಅನ್ವಯಿಸುತ್ತದೆ. 31ನೇ ಕಲಮಿನಂತೆ ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯದ ಗಡಿ ದಾಟುವುದೇ ಅಪರಾಧ.

ಇದರಿಂದಾಗಿ ಬೆಂಗಳೂರಿನಲ್ಲಿ ವಾಸಿಸುತ್ತ ಊರಿನ ಜಮೀನಿನ ಹೆಸರಿನಲ್ಲಿ ಬಂದೂಕು ಪಡೆಯಲು ಯೋಚಿಸುವವರು ಮೊದಲು ಜಮೀನಿಗೂ ಕಾಡಿನ ಗಡಿಗೂ ಇರುವ ದೂರವನ್ನು ಖಚಿತಪಡಿಸಿಕೊಳ್ಳಬೇಕಾಗುತ್ತದೆ. 'ಬೆಳೆ ರಕ್ಷಣೆ' ಎಂದು ಬರೆದ ಪರವಾನಗಿ ಪ್ರಾಣಿಯನ್ನು ಕೊಲ್ಲಲು ಕೊಟ್ಟ ಅನುಮತಿಯಲ್ಲ ಎಂಬುದನ್ನೂ ಮರೆಯಬಾರದು. ಆತ್ಮರಕ್ಷಣೆಗಾಗಿ ಸದುದ್ದೇಶದಿಂದ ನಡೆದ ಕೃತ್ಯಕ್ಕೆ ಕಾಯ್ದೆಯಲ್ಲಿ ರಕ್ಷಣೆ ಇದೆಯಾದರೂ ಹಾಗೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು.

ಈ ಸೀಮೆಗೆ ಬಂದ ಬಂದೂಕುಗಳು

ಮೈಸೂರು ಸೀಮೆಗೆ ಜೋಡಿ ನಳಿಗೆ ಹೊಸತಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ತಯಾರಾದ ಚಕಮಕಿ ಕಲ್ಲಿನ ಬಂದೂಕುಗಳು ಹುಲಿಯ ಚಿಹ್ನೆಗಳಿಂದಾಗಿ ಲೋಕಪ್ರಸಿದ್ಧವಾಗಿವೆ. 2015ರ ಏಪ್ರಿಲ್‌ನಲ್ಲಿ ಲಂಡನ್‌ನ ಬೊನ್ಹಾಮ್ಸ್ ಸಂಸ್ಥೆ ಟಿಪ್ಪುವಿಗೆ ಸಂಬಂಧಿಸಿದ ಆಯುಧಗಳನ್ನು ಹರಾಜು ಮಾಡಿದಾಗ ಒಟ್ಟು ಸುಮಾರು 60 ಲಕ್ಷ ಪೌಂಡ್ ಬಂದಿತ್ತು. ಆದರೆ ಇಂದು ಮನೆಗಳಲ್ಲಿ ಕಾಣಸಿಗುವ ಬಂದೂಕುಗಳು ಆ ವರ್ಗದವಲ್ಲ. ಅವು 19ನೇ ಶತಮಾನದ ಕೊನೆಯಿಂದ 20ನೇ ಶತಮಾನದ ಮಧ್ಯದವರೆಗೆ ಹಡಗಿನಲ್ಲಿ ಬಂದ ತೋಟಾ ಬಂದೂಕುಗಳು.

ಕಾಫಿ ತೋಟದ ಯುರೋಪಿಯನ್ ಮಾಲೀಕರು, ಅರಣ್ಯಾಧಿಕಾರಿಗಳು, ಸಂಸ್ಥಾನದ ಶಿಕಾರಿಗೆ ಬರುತ್ತಿದ್ದ ಅತಿಥಿಗಳು, ಊರಿನ ಪಟೇಲರು ಇವುಗಳನ್ನು ತಂದವರು. ಕಲ್ಕತ್ತೆಯ ಮ್ಯಾಂಟನ್, ರೋಡಾ, ಲಯನ್ ಆಂಡ್ ಲಯನ್, ಮದ್ರಾಸಿನ ಪಿ. ಆರ್ ಆಂಡ್ ಸನ್ಸ್ ಮುಂತಾದ ಅಂಗಡಿಗಳು ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿಸಿದ ಬಂದೂಕಿನ ಮೇಲೆ ತಮ್ಮ ಹೆಸರು ಕೆತ್ತಿಸಿ ಮಾರುತ್ತಿದ್ದವು. ಕಾಕನಕೋಟೆಯ ಕಾಡಿನಲ್ಲಿ 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಮರುವರ್ಷವೇ ವನ್ಯಜೀವಿ ಕಾಯ್ದೆ ಜಾರಿಗೆ ಬಂದು ಶಿಕಾರಿಯ ಯುಗ ಮುಗಿಯಿತು. ಬಂದೂಕುಗಳು ಮಾತ್ರ ಉಳಿದುಕೊಂಡವು. 1980ರ ದಶಕದಿಂದ ಆಮದಿನ ಮೇಲೆ ಬಿಗಿಯಾದ ನಿರ್ಬಂಧ ಬಿದ್ದ ಕಾರಣ ದೇಶದೊಳಗಿದ್ದ ಹಳೆಯ ವಿದೇಶಿ ಬಂದೂಕುಗಳಿಗೆ ಬೇಡಿಕೆ ಹೆಚ್ಚಿತು.

ಸ್ವದೇಶಿ ಬಂದೂಕುಗಳಲ್ಲಿ ಪಶ್ಚಿಮ ಬಂಗಾಳದ ಇಛಾಪುರದ ಸರ್ಕಾರಿ ಕಾರ್ಖಾನೆಯದು ಹೆಚ್ಚು ಪರಿಚಿತ. ಪರವಾನಗಿ ಪುಸ್ತಕದಲ್ಲಿ 'ಡಿಬಿಬಿಎಲ್' ಎಂದಿದ್ದರೆ ಜೋಡಿ ನಳಿಗೆಯ, ಹಿಂಬದಿಯಿಂದ ತೋಟಾ ತುಂಬುವ ಬಂದೂಕು ಎಂದರ್ಥ. 'ಎಸ್‌ಬಿಬಿಎಲ್' ಎಂದರೆ ಒಂಟಿ ನಳಿಗೆಯ ತೋಟಾ ಬಂದೂಕು. 'ಎಸ್‌ಬಿಎಂಎಲ್' ಎಂದರೆ ಬಾಯಿಯಿಂದ ಮದ್ದು ತುಂಬುವ ಒಂಟಿ ನಳಿಗೆಯ ಕೋವಿ. ಹಳ್ಳಿಗಳಲ್ಲಿ ಕೇಪಿನ ಕೋವಿ ಎನ್ನುವುದು ಇದನ್ನೇ.

ಹೆಸರು ಮತ್ತು ಸಂಖ್ಯೆ

ಯಾವ ಪರಿಶೀಲನೆಗೂ ಮುನ್ನ ಬಂದೂಕಿನ ಬಾಯಿಯನ್ನು ಜನರಿಲ್ಲದ ದಿಕ್ಕಿಗೆ ತಿರುಗಿಸಿ, ಮೇಲಿನ ಸನ್ನೆಯನ್ನು ಒತ್ತಿ ಮಡಚಿ, ಎರಡೂ ನಳಿಗೆ ಖಾಲಿ ಇವೆಯೆಂದು ಕಣ್ಣಾರೆ ನೋಡಬೇಕು. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದ ಬಂದೂಕಿನಲ್ಲಿಯೂ ತೋಟಾ ಉಳಿದಿರಬಹುದು. ಅನಂತರ ನಳಿಗೆಯ ಕೆಳಗಿನ ಮುಂಗೈ ಮರವನ್ನು ಬಿಡಿಸಿದರೆ ನಳಿಗೆ, ಮರದ ಹಿಡಿ ಬೇರೆಬೇರೆಯಾಗುತ್ತವೆ.

ತಯಾರಕರ ಅಥವಾ ಮಾರಾಟಗಾರರ ಹೆಸರು ಸಾಮಾನ್ಯವಾಗಿ ಎರಡು ನಳಿಗೆಗಳ ನಡುವಿನ ಮೇಲುಪಟ್ಟಿಯ ಮೇಲೂ, ಪಕ್ಕದ ಲೋಹದ ತಗಡುಗಳ ಮೇಲೂ ಇರುತ್ತದೆ. ಸಂಖ್ಯೆಯನ್ನು ಟ್ರಿಗರ್ ಕಾಪಿನ ಹಿಂಬಾಲದ ಪಟ್ಟಿ, ನಳಿಗೆಯ ಅಡಿಭಾಗ ಮತ್ತು ಮುಂಗೈ ಮರದ ಲೋಹದ ಭಾಗ, ಈ ಮೂರೂ ಕಡೆ ಹುಡುಕಬೇಕು. ಮೂರೂ ಒಂದೇ ಆಗಿದ್ದರೆ ಬಂದೂಕು ಮೂಲ ರೂಪದಲ್ಲಿದೆ ಎಂದು ನಂಬಬಹುದು. ಬೇರೆಯಾಗಿದ್ದರೆ ಯಾವುದೋ ಕಾಲದಲ್ಲಿ ಭಾಗಗಳು ಬದಲಾಗಿವೆ. ಪರವಾನಗಿ ಪುಸ್ತಕದಲ್ಲಿರುವ ಸಂಖ್ಯೆಯೊಂದಿಗೂ ಇದನ್ನು ತಾಳೆ ನೋಡಬೇಕು. ಹಿಂದಿನ ಗುಮಾಸ್ತರು ಹೆಸರಾಂತ ಪೇಟೆಂಟಿನ ಸಂಖ್ಯೆಯನ್ನೇ ಬಂದೂಕಿನ ಸಂಖ್ಯೆ ಎಂದು ಬರೆದುಬಿಟ್ಟಿದ್ದರೆ ಮಾರಾಟದ ವೇಳೆ ತೊಡಕಾಗುತ್ತದೆ. ಗುರುತಿನ ಸಂಖ್ಯೆಯನ್ನು ಅಳಿಸುವುದು, ತಿದ್ದುವುದು 8ನೇ ಕಲಮಿನಡಿ ಅಪರಾಧ. ಗುರುತಿಲ್ಲದ ಬಂದೂಕನ್ನು ಮಾರುವಂತೆಯೂ ಇಲ್ಲ.

ಹೆಸರೊಂದನ್ನೇ ನಂಬುವುದು ಅಪಾಯ. ಲಂಡನ್ನಿನ ಜೋಸೆಫ್ ಮ್ಯಾಂಟನ್ 1835ರಲ್ಲಿ ತೀರಿಕೊಂಡರೂ ಅವರ ಹೆಸರು ಹೊತ್ತ ನಕಲಿ ಬಂದೂಕುಗಳು ಬಹುಕಾಲ ತಯಾರಾದವು. ವೆಸ್ಟ್‌ಲಿ ರಿಚರ್ಡ್ಸ್ ಸಂಸ್ಥೆಯ ಖ್ಯಾತಿಯನ್ನು ಬಳಸಿಕೊಳ್ಳಲು 'ಡಬ್ಲ್ಯೂ. ರಿಚರ್ಡ್ಸ್' ಎಂಬ ಹೆಸರಿನಲ್ಲಿ ಬೆಲ್ಜಿಯಂನ ಅಗ್ಗದ ಬಂದೂಕುಗಳು ಬಂದವು. ಅದೇ ಹೆಸರಿನ ನಿಜವಾದ ಇಂಗ್ಲಿಷ್ ತಯಾರಕರೂ ಇದ್ದುದರಿಂದ ಗೊಂದಲ ಇಮ್ಮಡಿಯಾಯಿತು. ಹೆಸರು ಸುಳ್ಳು ಹೇಳಿದಾಗ ನಿಜ ತಿಳಿಸುವುದು ಪ್ರೂಫ್ ಮುದ್ರೆ.

ಪ್ರೂಫ್ ಮುದ್ರೆಗಳ ಭಾಷೆ

ಹೊಸ ನಳಿಗೆಯಲ್ಲಿ ವಾಡಿಕೆಗಿಂತ ಹೆಚ್ಚು ಮದ್ದು ಸಿಡಿಸಿ ಅದರ ಬಲವನ್ನು ಪರೀಕ್ಷಿಸುವುದಕ್ಕೆ ಪ್ರೂಫ್ ಎನ್ನುತ್ತಾರೆ. ತೇರ್ಗಡೆಯಾದ ನಳಿಗೆಯ ಅಡಿಯ ಸಮತಟ್ಟಾದ ಭಾಗದಲ್ಲಿ ಮುದ್ರೆ ಒತ್ತಲಾಗುತ್ತದೆ. ನಳಿಗೆ ಕಳಚಿದಾಗ ಮಾತ್ರ ಇದು ಕಾಣುತ್ತದೆ. ಬ್ರಿಟನ್ನಿನಲ್ಲಿ ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್‌ಗಳಲ್ಲಿ ಪ್ರೂಫ್ ಹೌಸ್‌ಗಳಿವೆ; ಬರ್ಮಿಂಗ್‌ಹ್ಯಾಮಿನದು 1813ರಲ್ಲಿ ಸ್ಥಾಪನೆಯಾಯಿತು.

ಕಿರೀಟದ ಕೆಳಗೆ 'ಜಿ' ಮತ್ತು 'ಪಿ' ಹೆಣೆದುಕೊಂಡ ಮುದ್ರೆ ಲಂಡನ್ನಿನದು. ಕಿರೀಟದಡಿ ಅಡ್ಡಲಾಗಿ ಇಟ್ಟ ಎರಡು ರಾಜದಂಡಗಳ ಮುದ್ರೆ 1904ಕ್ಕೆ ಹಿಂದಿನ ಬರ್ಮಿಂಗ್‌ಹ್ಯಾಮಿನದು. ಆ ವರ್ಷದಿಂದ ಈಚೆಗೆ ಅಲ್ಲಿ ಕಿರೀಟದ ಕೆಳಗೆ 'ಬಿಪಿ', 'ಬಿವಿ' ಎಂಬ ಅಕ್ಷರಗಳು ಬಂದವು. ಅಂಡಾಕಾರದ ರೇಖೆಯೊಳಗೆ 'ಇಎಲ್‌ಜಿ' ಮತ್ತು ನಕ್ಷತ್ರ ಇದ್ದರೆ ಅದು ಬೆಲ್ಜಿಯಂನ ಲೀಜ್ ಪಟ್ಟಣದ್ದು. ಅದರ ಮೇಲೆ ಕಿರೀಟವೂ ಇದ್ದರೆ 1893ರ ಬಳಿಕದ್ದು. ಇಂಗ್ಲಿಷ್ ಹೆಸರು ಕೆತ್ತಿದ ಬಂದೂಕಿನ ಅಡಿಯಲ್ಲಿ ಲೀಜ್ ಮುದ್ರೆ ಮಾತ್ರ ಇದ್ದರೆ ಅದನ್ನು ಇಂಗ್ಲಿಷ್ ಬಂದೂಕಿನ ಬೆಲೆಗೆ ಕೊಳ್ಳುವುದು ಸಲ್ಲ.

ಮುದ್ರೆಗಳಿಂದ ಕಾಲನಿರ್ಣಯವೂ ಸಾಧ್ಯ.

'ನಾಟ್ ಫಾರ್ ಬಾಲ್' ಎಂಬ ಬರಹ 1875ರಿಂದ 1887ರ ನಡುವಿನ, ಬಾಯಿ ಕಿರಿದಾದ ನಳಿಗೆಗಳ ಮೇಲೆ ಕಾಣುತ್ತದೆ. 'ಚೋಕ್' ಎಂಬ ಪದ 1887ರ ನಿಯಮಗಳಿಂದ ಈಚಿನದು. ಒಂಟಿ ಗುಂಡಿನ ತೋಟಾ ಇಂತಹ ನಳಿಗೆಗೆ ಹೇಳಿದ್ದಲ್ಲ ಎಂಬುದು ಈ ಎಚ್ಚರಿಕೆಯ ತಾತ್ಪರ್ಯ.

ವಜ್ರಾಕೃತಿಯೊಳಗೆ '12' ಮತ್ತು 'ಸಿ' ಇದ್ದರೆ 12 ಬೋರಿನ ತೋಟಾಕೋಣೆ ಎಂದರ್ಥ. ಇದೂ 1887ರಿಂದ ಬಂದದ್ದು.

ಪಕ್ಕದಲ್ಲಿರುವ 12, 13 ಅಥವಾ 13/1 ಎಂಬ ಅಂಕಿ ಪ್ರೂಫ್ ಸಮಯದಲ್ಲಿ ನಳಿಗೆಯ ಒಳವ್ಯಾಸ ಎಷ್ಟಿತ್ತೆಂಬುದನ್ನು ಹೇಳುತ್ತದೆ. 12 ಎಂದರೆ 0.729 ಅಂಗುಲ, 13/1 ಎಂದರೆ 0.719, 13 ಎಂದರೆ 0.710. '13' ಎಂದು ಕಂಡೊಡನೆ 13 ಬೋರಿನ ತೋಟಾ ಹುಡುಕುವ ಅಗತ್ಯವಿಲ್ಲ.

'ನೈಟ್ರೋ ಪ್ರೂಫ್' ಎಂಬ ಬರಹ 1896ರಿಂದ, 'ಎನ್‌ಪಿ' ಎಂಬ ಮುದ್ರೆ 1904ರಿಂದ ಬಳಕೆಗೆ ಬಂದವು. ಹೊಗೆರಹಿತ ಮದ್ದಿಗೆ ನಳಿಗೆ ಪರೀಕ್ಷೆಗೊಳಗಾಗಿದೆ ಎಂಬುದಕ್ಕೆ ಇದೇ ಸಾಕ್ಷಿ.

1925ರ ನಿಯಮಗಳ ಬಳಿಕ ತೋಟಾಕೋಣೆಯ ಉದ್ದವನ್ನು ಅಂಗುಲಗಳಲ್ಲಿಯೂ, 1954ರ ಬಳಿಕ ಒತ್ತಡವನ್ನು ಚದರ ಅಂಗುಲಕ್ಕೆ ಇಷ್ಟು ಟನ್ ಎಂದೂ ಬರೆಯಲಾಯಿತು.

ಬೋರ್ ಎಂಬ ಲೆಕ್ಕದ ಮೂಲವೂ ತಿಳಿದಿರಬೇಕು. ಒಂದು ಪೌಂಡ್ ಸೀಸದಿಂದ ಒಂದೇ ಗಾತ್ರದ 12 ಗುಂಡು ಮಾಡಿದರೆ ಒಂದು ಗುಂಡಿನ ವ್ಯಾಸವೇ 12 ಬೋರು. ಆದ್ದರಿಂದಲೇ ಸಂಖ್ಯೆ ಹೆಚ್ಚಿದಂತೆ ನಳಿಗೆ ಕಿರಿದಾಗುತ್ತದೆ; 20 ಬೋರಿನ ನಳಿಗೆ 12ಕ್ಕಿಂತ ಚಿಕ್ಕದು.

ಕುದುರೆ, ಲಾಕು, ಎಜೆಕ್ಟರ್

ಹೊರಗೆ ಕಾಣುವ ಕುದುರೆ, ಅಂದರೆ ಹ್ಯಾಮರ್, ಇದ್ದ ಮಾತ್ರಕ್ಕೆ ಬಂದೂಕು 19ನೇ ಶತಮಾನದ್ದೆಂದು ತೀರ್ಮಾನಿಸುವುದು ಸರಿಯಲ್ಲ. ಒಳಗುದುರೆಯ ಬಂದೂಕುಗಳು ಬಂದ ಮೇಲೂ ಅಗ್ಗದ ಹೊರಗುದುರೆಯ ಬಂದೂಕುಗಳು ದಶಕಗಳ ಕಾಲ ತಯಾರಾದವು.

ಒಳಗುದುರೆಯ ಬಂದೂಕುಗಳಲ್ಲಿ ಎರಡು ಮುಖ್ಯ ಬಗೆ. ವೆಸ್ಟ್‌ಲಿ ರಿಚರ್ಡ್ಸ್ ಸಂಸ್ಥೆಯ ಕುಶಲಕರ್ಮಿಗಳಾದ ಆನ್ಸನ್ ಮತ್ತು ಡೀಲಿ 1875ರಲ್ಲಿ ಪೇಟೆಂಟ್ ಪಡೆದ ಬಾಕ್ಸ್‌ಲಾಕ್ ಮೊದಲನೆಯದು. ಇದರ ಯಂತ್ರಭಾಗವೆಲ್ಲ ಲೋಹದ ಪೆಟ್ಟಿಗೆಯೊಳಗೆ ಅಡಗಿರುತ್ತದೆ. ಭಾರತಕ್ಕೆ ಬಂದ ವೆಬ್ಲಿ ಆಂಡ್ ಸ್ಕಾಟ್, ಬಿಎಸ್‌ಎ ಬಂದೂಕುಗಳಲ್ಲಿ ಈ ಬಗೆಯೇ ಹೆಚ್ಚು. ಎರಡನೆಯದು ಸೈಡ್‌ಲಾಕ್. ಇದರಲ್ಲಿ ಯಂತ್ರಭಾಗ ಉದ್ದನೆಯ ಪಕ್ಕತಗಡುಗಳ ಹಿಂದೆ ಕೂರುತ್ತದೆ. ಪರ್ಡಿ, ಹಾಲೆಂಡ್ ಆಂಡ್ ಹಾಲೆಂಡ್ ಸಂಸ್ಥೆಗಳ ಉತ್ತಮ ಬಂದೂಕುಗಳು ಈ ಬಗೆಯವು. ಅಂದಕ್ಕಾಗಿ ಬಾಕ್ಸ್‌ಲಾಕಿಗೆ ಪಕ್ಕತಗಡು ಕೂರಿಸಿದ ಬಂದೂಕುಗಳೂ ಇರುವುದರಿಂದ ತಗಡು ಕಂಡಾಕ್ಷಣ ಸೈಡ್‌ಲಾಕ್ ಎಂದು ಹಣ ತೆರಬಾರದು.

ಮಡಚಿದಾಗ ಹಾರಿಸಿದ ತೋಟಾದ ಖಾಲಿ ಕೊಳವೆ ತಾನಾಗಿ ಹೊರಗೆ ಚಿಮ್ಮಿದರೆ ಅದು ಎಜೆಕ್ಟರ್ ಬಂದೂಕು. ಸ್ವಲ್ಪ ಮೇಲೆದ್ದು ಕೈಯಿಂದ ತೆಗೆಯಬೇಕಾಗಿ ಬಂದರೆ ನಾನ್ ಎಜೆಕ್ಟರ್. ಒಂದೇ ತಯಾರಕರ ಬಂದೂಕುಗಳಲ್ಲಿ ಎಜೆಕ್ಟರ್ ಇರುವುದಕ್ಕೆ ಬೆಲೆ ಹೆಚ್ಚು.

ಸಿಡಿಯುವ ಅಪಾಯ ಎಲ್ಲಿದೆ

ಹಳೆಯ ಬಂದೂಕಿನಲ್ಲಿ ಜೀವಕ್ಕೆ ಎರವಾಗಬಲ್ಲ ಸಂಗತಿಗಳು ಮುಖ್ಯವಾಗಿ ಮೂರು.

ಮೊದಲನೆಯದು ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿಗೊಳಿಸಿ, ಸುರುಳಿ ಸುತ್ತಿ, ಕಾಯಿಸಿ ಬಡಿದು ಮಾಡಿದ ನಳಿಗೆ ಇದು. ಮೇಲ್ಮೈಯಲ್ಲಿ ಅಲೆಯಲೆಯಾದ ಕಂದು ಗೆರೆಗಳು ಕಾಣುತ್ತವೆ. ನೋಡಲು ಸುಂದರ. ಆದರೆ ಇವುಗಳಲ್ಲಿ ಹೆಚ್ಚಿನವು ಕಪ್ಪು ಮದ್ದಿನ ಕಾಲದವು. ಪಟ್ಟಿಗಳ ಬೆಸುಗೆಯ ನಡುವೆ ತೇವ ಸೇರಿ ಒಳಗಿಂದೊಳಗೇ ತುಕ್ಕು ಹಿಡಿದಿದ್ದರೆ ಹೊರಗೆ ತಿಳಿಯುವುದಿಲ್ಲ. ಮಳೆ ಹೆಚ್ಚಿರುವ ಕೊಡಗು, ಕಾಡಂಚಿನ ಊರುಗಳಲ್ಲಿ ಈ ಶಂಕೆ ಹೆಚ್ಚು. ನೈಟ್ರೋ ಮುದ್ರೆ ಇಲ್ಲದ ಡಮಾಸ್ಕಸ್ ನಳಿಗೆಯಲ್ಲಿ ಇಂದಿನ ತೋಟಾವನ್ನು ಹಾರಿಸಲೇಬಾರದು. ಕೆಲವರು ಮೇಲ್ಮೈಗೆ ಕಪ್ಪು ಬಣ್ಣ ಹಚ್ಚಿಸಿ ಗೆರೆಗಳನ್ನು ಮರೆಮಾಡಿರುವುದೂ ಉಂಟು. ಮುಂಗೈ ಮರದ ಅಡಿಯಲ್ಲಿ ಅಡಗಿರುವ ಭಾಗವನ್ನು ಭೂತಗನ್ನಡಿಯಿಂದ ನೋಡಿದರೆ ಗೆರೆಗಳು ಅನೇಕ ವೇಳೆ ಸಿಕ್ಕಿಬೀಳುತ್ತವೆ.

ಎರಡನೆಯದು ತೋಟಾಕೋಣೆಯ ಉದ್ದ. ಹಳೆಯ ಇಂಗ್ಲಿಷ್ 12 ಬೋರುಗಳಲ್ಲಿ ಇದು ಸಾಮಾನ್ಯವಾಗಿ ಎರಡೂವರೆ ಅಂಗುಲ, ಅಂದರೆ 65 ಮಿಲಿಮೀಟರ್ ವರ್ಗದ್ದು. ಈಚಿನ ತೋಟಾಗಳು ಬಹುಪಾಲು 70 ಮಿಲಿಮೀಟರಿನವು. ಇಲ್ಲಿ ಮೋಸ ಹೋಗುವ ಒಂದು ಸೂಕ್ಷ್ಮವಿದೆ. ತೋಟಾದ ಮೇಲೆ ಬರೆದ ಉದ್ದ, ಹಾರಿಸಿದ ಬಳಿಕ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಬಾಯಿ ಮಡಚಿರುವಾಗ 70 ಮಿಲಿಮೀಟರಿನ ತೋಟಾ ಚಿಕ್ಕ ಕೋಣೆಯೊಳಗೂ ಸಲೀಸಾಗಿ ಕೂರುತ್ತದೆ. ಹಾರಿಸಿದಾಗ ಬಿಚ್ಚಿಕೊಳ್ಳಲು ಜಾಗ ಸಾಲದೆ ನಳಿಗೆಯ ಕಿರಿದಾದ ಭಾಗಕ್ಕೆ ಚಾಚುತ್ತದೆ, ಒತ್ತಡ ಏರುತ್ತದೆ. 'ತೋಟಾ ಹಿಡಿಯಿತು, ಆದ್ದರಿಂದ ಸರಿ' ಎಂಬ ನಂಬಿಕೆ ಇಲ್ಲಿ ಹುಸಿ. ಮುದ್ರೆಯಲ್ಲಿ ಉದ್ದ ಬರೆಯದಿದ್ದರೆ ಅಳತೆಗೋಲಿನಿಂದ ಅಳೆಯಿಸಿಯೇ ತೋಟಾ ಆರಿಸಬೇಕು.

ಮೂರನೆಯದು ಸವೆದ ನಳಿಗೆ. ತುಕ್ಕಿನ ಗುಳಿ ತೆಗೆಯಲು ಒಳಮೈಯನ್ನು ಮತ್ತೆಮತ್ತೆ ಉಜ್ಜಿಸಿದರೆ ನಳಿಗೆಯ ಗೋಡೆ ತೆಳುವಾಗುತ್ತದೆ. ಒಳವ್ಯಾಸವನ್ನು ತೋಟಾ ಕೂರುವ ತುದಿಯಿಂದ ಒಂಬತ್ತು ಅಂಗುಲ ಒಳಗೆ ಅಳೆದು ಪ್ರೂಫ್ ಅಂಕಿಯೊಂದಿಗೆ ಹೋಲಿಸುತ್ತಾರೆ. ಗೋಡೆಯ ದಪ್ಪ ಅತಿ ತೆಳುವಾದ ಕಡೆಯೂ ಅಂಗುಲದ ಸಾವಿರದ 20 ಭಾಗ, ಅಂದರೆ ಸುಮಾರು ಅರ್ಧ ಮಿಲಿಮೀಟರ್ ಇರಬೇಕೆಂಬುದು ಬ್ರಿಟನ್ನಿನ ವ್ಯಾಪಾರಿಗಳ ರೂಢಿಯ ಅಳತೆ. ಇದನ್ನು ಕಣ್ಣಳತೆಯಿಂದ ಹೇಳಲಾಗದು. ಉಪಕರಣವಿರುವ ಪರವಾನಗಿ ಪಡೆದ ಬಂದೂಕು ದುರಸ್ತಿಗಾರರೇ ಹೇಳಬೇಕು. ಪ್ರೂಫ್ ಮುದ್ರೆ ಒತ್ತಿದ ದಿನದ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಇಂದಿನದನ್ನಲ್ಲ.

ಸ್ಥಿತಿಯ ಪರಿಶೀಲನೆ

ಬೇರ್ಪಡಿಸಿದ ನಳಿಗೆಗಳನ್ನು ಬೆಳಕಿನತ್ತ ಹಿಡಿದು ಒಳಗೆ ನೋಡಿದಾಗ ಬೆಳಕಿನ ಉಂಗುರಗಳು ಒಡೆಯದೆ ಕಾಣಬೇಕು. ಒಂದು ಕಡೆ ಕಪ್ಪು ಉಂಗುರ ಕಂಡರೆ ನಳಿಗೆ ಉಬ್ಬಿದೆ. ನೆರಳಿನ ಮಚ್ಚೆ ಕಂಡರೆ ತಗ್ಗಾಗಿದೆ. ಕೆಸರೋ ಬಟ್ಟೆಯ ಚೂರೋ ಸಿಕ್ಕಿರುವಾಗ ಹಾರಿಸಿದ್ದರಿಂದ ಉಬ್ಬು ಬರುತ್ತದೆ. ನಳಿಗೆಗಳನ್ನು ಅಡಿಯ ಕೊಕ್ಕೆಯಿಂದ ತೂಗಿಹಿಡಿದು ಬೆರಳಿನ ಗೆಣ್ಣಿನಿಂದ ತಟ್ಟಿದರೆ ಗಂಟೆಯಂತೆ ನಾದ ಬರಬೇಕು. ಮಂಕಾದ ಸದ್ದು ಬಂದರೆ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿರುವ ಸಂಭವವಿದೆ.

ಮತ್ತೆ ಜೋಡಿಸಿ, ಮುಂಗೈ ಮರವನ್ನು ಮಾತ್ರ ಬಿಟ್ಟು, ಮುಚ್ಚಿದ ಬಂದೂಕನ್ನು ಮೆಲ್ಲಗೆ ಅಲುಗಿಸಬೇಕು. ಸಂದಿಯಲ್ಲಿ ಬೆಳಕು ಕಂಡರೆ ಅಥವಾ ನಳಿಗೆ ಕದಲಿದರೆ ಕೀಲು ಸವೆದಿದೆ. ಬಾಯಿಯ ಬಳಿ ಎರಡು ನಳಿಗೆಗಳ ನಡುವೆ ಅಗಲವಾದ ಸಂದು ಇದ್ದರೆ ಯಾರೋ ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡಿರಬಹುದು. ಇದು ಬೆಲೆಯನ್ನು ಕುಗ್ಗಿಸುವುದಷ್ಟೇ ಅಲ್ಲ; ಪರವಾನಗಿ ಇಲ್ಲದೆ ನಳಿಗೆ ಗಿಡ್ಡ ಮಾಡುವುದನ್ನು 6ನೇ ಕಲಮು ನಿಷೇಧಿಸಿದೆ. ಮರದ ಹಿಡಿಯಲ್ಲಿ ಲೋಹ ಸೇರುವ ಜಾಗದ ಬಿರುಕು, ಮಣಿಕಟ್ಟಿನ ಭಾಗದಲ್ಲಿ ಹಿತ್ತಾಳೆ ಪಟ್ಟಿ ಸುತ್ತಿದ ದುರಸ್ತಿ, ಗೆದ್ದಲಿನ ರಂಧ್ರ ಇವನ್ನೂ ಗುರುತಿಸಿಕೊಳ್ಳಬೇಕು. ಕುದುರೆ ಎತ್ತಿ ಖಾಲಿ ಬಂದೂಕಿನ ಟ್ರಿಗರನ್ನು ಪದೇ ಪದೇ ಎಳೆದು ನೋಡುವ ಚಾಳಿ ಒಳ್ಳೆಯದಲ್ಲ; ಪಿನ್ನುಗಳು ಮುರಿಯುತ್ತವೆ.

ಬೆಲೆ ನಿರ್ಧಾರ

ಹಳತಾದಷ್ಟೂ ಬೆಲೆ ಹೆಚ್ಚು ಎಂಬುದು ಬಂದೂಕಿನ ವಿಷಯದಲ್ಲಿ ನಿಜವಲ್ಲ. ತಯಾರಕರು, ಬಗೆ, ನಳಿಗೆಯ ಸ್ಥಿತಿ, ಮೂಲರೂಪ, ದಾಖಲೆ ಇವು ಕ್ರಮವಾಗಿ ಬೆಲೆಯನ್ನು ನಿರ್ಧರಿಸುತ್ತವೆ. ಇವುಗಳಲ್ಲಿ ನಳಿಗೆ ಕೆಟ್ಟಿದ್ದರೆ ಉಳಿದುದಕ್ಕೆಲ್ಲ ಅರ್ಥ ಕಡಿಮೆ. ಹೊಸದಾಗಿ ಹೊಳಪು ಕೊಟ್ಟು, ಕೆತ್ತನೆ ಮಾಸುವಷ್ಟು ಉಜ್ಜಿಸಿದ ಬಂದೂಕಿಗಿಂತ ಬಣ್ಣ ಮಾಸಿದ್ದರೂ ಮೂಲದಲ್ಲೇ ಇರುವ ಬಂದೂಕನ್ನು ಬಲ್ಲವರು ಮೆಚ್ಚುತ್ತಾರೆ. ಚರ್ಮದ ಪೆಟ್ಟಿಗೆ, ಅಂಗಡಿಯ ಚೀಟಿ, ಹಳೆಯ ಪರವಾನಗಿ ಪುಸ್ತಕ, ರಸೀದಿ ಇವನ್ನು ಎಸೆಯಬಾರದು. ಪರ್ಡಿ, ಹಾಲೆಂಡ್ ಆಂಡ್ ಹಾಲೆಂಡ್, ವೆಸ್ಟ್‌ಲಿ ರಿಚರ್ಡ್ಸ್ ಸಂಸ್ಥೆಗಳು ಹಳೆಯ ದಫ್ತರುಗಳನ್ನು ಕಾಪಾಡಿಕೊಂಡಿವೆ. ಬಂದೂಕಿನ ಸಂಖ್ಯೆಯಿಂದ ಅದು ಯಾವ ವರ್ಷ, ಯಾರಿಗಾಗಿ ತಯಾರಾಯಿತೆಂದು ತಿಳಿಯುವ ಅವಕಾಶವಿದೆ.

ವಿದೇಶಿ ಹರಾಜಿನ ಬೆಲೆಗಳನ್ನು ನೋಡಿ ಇಲ್ಲಿಯ ಬಂದೂಕಿಗೆ ಬೆಲೆ ಕಟ್ಟುವುದು ವ್ಯರ್ಥ. ಇಲ್ಲಿ ಕೊಳ್ಳುವವರು ಪರವಾನಗಿ ಉಳ್ಳವರು ಮಾತ್ರ. ಅವರೂ ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಐತಿಹಾಸಿಕ ಮಹತ್ವದ, 100 ವರ್ಷ ಮೀರಿದ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವುದಕ್ಕೆ 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆ. ಮಿತಿ ಎರಡಕ್ಕೆ ಇಳಿದ ಮೇಲೆ ಮೂರನೆಯದನ್ನು ಬಿಟ್ಟುಕೊಡಬೇಕಾದವರಿಂದ ಸಾಮಾನ್ಯ ದರ್ಜೆಯ ಬಂದೂಕುಗಳು ಮಾರುಕಟ್ಟೆಗೆ ಬರುವಂತಾಯಿತು. ಹೀಗಾಗಿ ಹೆಸರಿಲ್ಲದ ಬೆಲ್ಜಿಯಂ ಹೊರಗುದುರೆಯ ಬಂದೂಕಿಗೆ ಮನೆತನದ ನೆನಪಿನ ಬೆಲೆಯೇ ದೊಡ್ಡದು.

ಮಾರುವವರು ಪರವಾನಗಿ ಪಡೆದ ವ್ಯಾಪಾರಿಯ ಮೂಲಕ ಮಾರಬಹುದು. ಮತ್ತೊಬ್ಬ ಪರವಾನಗಿದಾರರಿಗೆ ನೇರವಾಗಿ ಮಾರುವುದಾದರೆ ಜಿಲ್ಲಾ ದಂಡಾಧಿಕಾರಿಗೆ ಅಥವಾ ಸಮೀಪದ ಠಾಣಾಧಿಕಾರಿಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಬಾಯಿಮಾತಿನ ವ್ಯವಹಾರದಲ್ಲಿ ಮಾರಿದವರೂ ಕೊಂಡವರೂ ಇಬ್ಬರೂ ಸಿಲುಕುತ್ತಾರೆ.

ಕೊಡಗಿನ ವಿನಾಯಿತಿ

ಹುಣಸೂರು, ಪಿರಿಯಾಪಟ್ಟಣಗಳ ಗಡಿ ದಾಟಿದರೆ ಕಾನೂನಿನ ಸ್ವರೂಪವೇ ಬೇರೆ. 1861ರಲ್ಲಿ ಬ್ರಿಟಿಷ್ ಆಡಳಿತ ಕೊಡವರಿಗೆ ನೀಡಿದ ವಿನಾಯಿತಿ ಸ್ವಾತಂತ್ರ್ಯಾನಂತರವೂ ಮುಂದುವರಿದಿದೆ. ಕೊಡವ ಜನಾಂಗದವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ನೀಡುವ ಅಧಿಸೂಚನೆಯನ್ನು ಕೇಂದ್ರ ಗೃಹ ಇಲಾಖೆ 2019ರ ಅಕ್ಟೋಬರ್‌ನಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. ಕೈಲ್ ಮುಹೂರ್ತದಂದು ಕೋವಿಗೆ ಹೂವಿಟ್ಟು ಪೂಜಿಸುವ ಪದ್ಧತಿಯ ಹಿನ್ನೆಲೆ ಇದೇ.

ಗಮನಿಸಬೇಕಾದುದೇನೆಂದರೆ ಈ ವಿನಾಯಿತಿ ವ್ಯಕ್ತಿಗೆ ಸಲ್ಲುತ್ತದೆ, ಬಂದೂಕಿಗಲ್ಲ. ಕೊಡಗಿನ ಮನೆಯಿಂದ ಬಂದೂಕು ಕೊಳ್ಳುವ ಮೈಸೂರಿನವರಿಗೆ ಪರವಾನಗಿ ಬೇಕೇ ಬೇಕು.

ಕಾಪಾಡುವ ಬಗೆ

ಚುನಾವಣೆಯ ಸಮಯದಲ್ಲಿ ಠಾಣೆಯಲ್ಲಿ ಠೇವಣಿಯಿಡಬೇಕಾಗಿ ಬಂದಾಗ ಬಂದೂಕಿನ ಒಳಹೊರಗೆ ಎಣ್ಣೆ ಸವರಿ, ಸಂಖ್ಯೆ, ಸ್ಥಿತಿಗಳನ್ನು ರಸೀದಿಯಲ್ಲಿ ಬರೆಯಿಸಿ, ಭಾವಚಿತ್ರ ತೆಗೆದಿಟ್ಟುಕೊಳ್ಳುವುದು ಜಾಣತನ. ಮನೆಯಲ್ಲಿ ಚರ್ಮದ ಚೀಲದೊಳಗೆ ವರ್ಷಗಟ್ಟಲೆ ಇಡಬಾರದು. ಚರ್ಮ ತೇವ ಹೀರಿ ತುಕ್ಕು ಹಿಡಿಸುತ್ತದೆ. ಬಂದೂಕು ಒಂದು ಕಡೆ, ತೋಟಾ ಮತ್ತೊಂದು ಕಡೆ, ಎರಡಕ್ಕೂ ಬೀಗ ಎಂಬುದು ಮಕ್ಕಳಿರುವ ಮನೆಯ ಕಡ್ಡಾಯ ನಿಯಮವಾಗಬೇಕು. ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕ ಕಾಗದದ ತೋಟಾಗಳನ್ನು ಹಾರಿಸಿ ನೋಡುವುದು ಸಲ್ಲ. ಅವನ್ನು ಠಾಣೆಗೆ ಅಥವಾ ವ್ಯಾಪಾರಿಗೆ ಒಪ್ಪಿಸಬೇಕು.

ಪರೀಕ್ಷೆಯಲ್ಲಿ ಅಯೋಗ್ಯವೆಂದು ತಿಳಿದ ಬಂದೂಕನ್ನು ಹಾರಿಸದೆ ನೆನಪಿಗಾಗಿ ಉಳಿಸಿಕೊಳ್ಳುವುದಕ್ಕೂ ಪರವಾನಗಿ ಬೇಕು ಎಂಬುದನ್ನು ಮರೆಯುವಂತಿಲ್ಲ. ಕಾಗದ ಪತ್ರ ಸರಿಯಾಗಿದ್ದು, ನಳಿಗೆಯ ಅಳತೆ ಗೊತ್ತಿದ್ದು, ಅದಕ್ಕೆ ತಕ್ಕ ತೋಟಾ ಯಾವುದೆಂಬುದು ತಿಳಿದಿದ್ದರೆ ನೂರು ವರ್ಷದ ಬಂದೂಕೂ ಮನೆಯಲ್ಲಿ ನಿರಾತಂಕವಾಗಿ ಇರಬಲ್ಲದು. ಈ ಮೂರರಲ್ಲಿ ಒಂದು ತಪ್ಪಿದರೂ ಅದನ್ನು ಠೇವಣಿಯಲ್ಲಿಟ್ಟು ಪರಿಹಾರ ಹುಡುಕುವುದೇ ಸರಿಯಾದ ಮಾರ್ಗ.